‘ಇವತ್ತು ರಾತ್ರಿ ರೂಮ್ ಐತಾ?’: ತಂಗುದಾಣ ಹುಡುಕುವ ಆ್ಯಪ್ ವಿನ್ಯಾಸದಲ್ಲಿ ನಾಲ್ಕು ತಾಲ್ಲೂಕು ಕಲಿಸಿದ ಹತ್ತು ಪಾಠಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೂ ರೈಲಿಲ್ಲ. ಬರುವವರೆಲ್ಲ ಬಸ್ಸಿನಲ್ಲೋ ಸ್ವಂತ ಗಾಡಿಯಲ್ಲೋ ಬರಬೇಕು. ಬಸ್ಸಿಳಿದು ಸ್ಟ್ಯಾಂಡಿನ ಸುತ್ತ ಕಣ್ಣಾಡಿಸಿ, ಟೀ ಅಂಗಡಿಯವರನ್ನು ವಿಚಾರಿಸಿ ಲಾಡ್ಜು ಹುಡುಕಿಕೊಳ್ಳುವುದೇ ಇಲ್ಲಿನ ರೂಢಿ. ದೊಡ್ಡ ಬುಕಿಂಗ್ ಆ್ಯಪ್‌ಗಳಲ್ಲಿ ಈ ಊರುಗಳ ಹೆಸರು ಒತ್ತಿದರೆ ಬಹುಪಾಲು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಹೋಟೆಲುಗಳೇ ತೆರೆದುಕೊಳ್ಳುತ್ತವೆ. ಈ ನಾಲ್ಕು ತಾಲ್ಲೂಕುಗಳಿಗೆಂದೇ ಒಂದು ಸಣ್ಣ ಆ್ಯಪ್ ವಿನ್ಯಾಸ ಮಾಡುವ ಕೆಲಸ ನಮ್ಮ ಪುಟ್ಟ ತಂಡದ ಪಾಲಿಗೆ ಬಂತು.

ಮಹಾನಗರದ ಆ್ಯಪ್ ಆಯ್ಕೆಯನ್ನು ಮಾರುತ್ತದೆ. ನೂರಾರು ಹೋಟೆಲುಗಳಲ್ಲಿ ನಿಮ್ಮ ಜೇಬಿಗೂ ಮನಸ್ಸಿಗೂ ಒಪ್ಪುವುದು ಯಾವುದೆಂದು ತೋರಿಸುವುದೇ ಅದರ ಕಸುಬು. ಬೆರಳೆಣಿಕೆಯ ಲಾಡ್ಜುಗಳಿರುವ ಊರಿನಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿಗೆ ಬರುವವರಿಗೆ ಬೇಕಾದದ್ದು ಖಾತರಿ: ಇವತ್ತು ರಾತ್ರಿ ಕಾಲು ಚಾಚಲು ಜಾಗ ಇದೆಯೋ ಇಲ್ಲವೋ, ಇದ್ದರೆ ಎಲ್ಲಿ, ಇಲ್ಲದಿದ್ದರೆ ಮುಂದೇನು. ಕೆಳಗಿನ ಪಾಠಗಳೆಲ್ಲ ಈ ಒಂದು ಮಾತಿನ ಸುತ್ತಲೇ ಬೆಳೆದವು.

1. ‘ಪ್ರವಾಸಿ’ ಎಂಬ ಒಬ್ಬ ವ್ಯಕ್ತಿ ಇಲ್ಲ. ಬರುವವರ ಪಟ್ಟಿಯನ್ನು ಊರೂರಿಗೂ ಬೇರೆಯೇ ಬರೆಯಿರಿ

ಆ್ಯಪ್ ವಿನ್ಯಾಸದ ಪಾಠಗಳಲ್ಲಿ ಬಳಕೆದಾರರೆಂದರೆ ಸಾಮಾನ್ಯವಾಗಿ ಬೆನ್ನಿಗೆ ಬ್ಯಾಗು ಹಾಕಿಕೊಂಡ ಯುವಕ, ಇಲ್ಲವೇ ರಜೆಗೆ ಹೊರಟ ಕುಟುಂಬ. ಈ ನಾಲ್ಕು ಊರುಗಳ ಲಾಡ್ಜುಗಳ ರಿಜಿಸ್ಟರ್ ಬೇರೆಯೇ ಕಥೆ ಹೇಳುತ್ತದೆ.

ಚನ್ನಗಿರಿ ಅಡಿಕೆಯ ಊರು. ತುಮ್ಕೋಸ್‌ನಂಥ ಸಹಕಾರಿ ಸಂಸ್ಥೆ ಇಲ್ಲಿದೆ. ರಾಶಿ ಅಡಿಕೆಯ ಧಾರಣೆ ನೋಡಲು ಬರುವ ವ್ಯಾಪಾರಿಗಳು, ತೋಟ ಚೇಣಿ ಹಿಡಿಯುವವರು, ಸುಲಿಯುವ ಯಂತ್ರ ರಿಪೇರಿ ಮಾಡುವವರು ಹಂಗಾಮಿನಲ್ಲಿ ರೂಮು ಹಿಡಿಯುತ್ತಾರೆ. ಇವರ ಜತೆಗೆ ಸೂಳೆಕೆರೆ ಎಂದು ಜನ ಕರೆಯುವ ಶಾಂತಿಸಾಗರ, ಸಂತೇಬೆನ್ನೂರಿನ ಪುಷ್ಕರಣಿ, 1664ರಲ್ಲಿ ತೀರಿಕೊಂಡ, ಶಿವಾಜಿಯ ತಂದೆ ಶಹಾಜಿ ಭೋಸಲೆಯ ಸಮಾಧಿ ಇರುವ ಹೊದಿಗೆರೆ ನೋಡಲು ಬರುವವರೂ ಇದ್ದಾರೆ. ಹೊದಿಗೆರೆಗೆ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ.

ತುಂಗಭದ್ರೆಯ ದಡದ ಹೊನ್ನಾಳಿಗೆ ಹಿರೇಕಲ್ಮಠದ ಭಕ್ತರು, ರಾಘವೇಂದ್ರ ಸ್ವಾಮಿ ಮಠದ ಭಕ್ತರು ಬರುತ್ತಾರೆ; ಭತ್ತದ ಕೊಯ್ಲಿನ ಕಾಲಕ್ಕೆ ಕಟಾವು ಯಂತ್ರದ ಜತೆ ಹೊರರಾಜ್ಯದ ಡ್ರೈವರು, ಮೆಕ್ಯಾನಿಕ್ಕುಗಳೂ ಬಂದಿಳಿಯುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ; ಬಂಜಾರ ಸಮುದಾಯಕ್ಕೆ ಅದು ಪುಣ್ಯಕ್ಷೇತ್ರ. ಅದೇ ತಾಲ್ಲೂಕಿನ ತೀರ್ಥರಾಮೇಶ್ವರಕ್ಕೆ ಸುತ್ತಲ ಜಿಲ್ಲೆಗಳವರು ಬರುತ್ತಾರೆ. ಜಗಳೂರಿನ ಕಡೆಗೆ ಬರುವವರಲ್ಲಿ ಗಾಳಿಯಂತ್ರಗಳ ಟೆಕ್ನೀಷಿಯನ್ನರು, ನೀರಾವರಿ ಕಾಮಗಾರಿಯ ಎಂಜಿನಿಯರುಗಳು, ಕೊಂಡುಕುರಿಗಾಗಿಯೇ 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ವನ್ಯಧಾಮಕ್ಕೆ ಬರುವ ವನ್ಯಜೀವಿ ಆಸಕ್ತರು ಸೇರುತ್ತಾರೆ.

ನಾಲ್ಕೂ ಊರಿಗೆ ಸಮಾನವಾಗಿ ಬರುವವರು ಮೆಡಿಕಲ್ ರೆಪ್‌ಗಳು, ಬೀಜ-ಗೊಬ್ಬರ ಕಂಪನಿಯವರು, ಕೋರ್ಟು ಕೆಲಸಕ್ಕೆ ಬಂದವರು, ಪರೀಕ್ಷೆ ಬರೆಯಲು ಬಂದವರು, ಮದುವೆಗೆ ಬಂದ ಬೀಗರು. ವ್ಯಾಪಾರಿಗೆ ಮಾರುಕಟ್ಟೆಯ ಹತ್ತಿರ ರೂಮು ಬೇಕು. ಕಟಾವು ಯಂತ್ರದವನಿಗೆ ಗಾಡಿ ನಿಲ್ಲಿಸಲು ಅಂಗಳ ಬೇಕು. ಪರೀಕ್ಷೆಗೆ ಬಂದ ಹುಡುಗಿಗೂ ಅವಳ ತಂದೆಗೂ ಸದ್ದಿಲ್ಲದ, ಮರ್ಯಾದಸ್ಥ ಜಾಗ ಬೇಕು. ಮೊದಲ ಪರದೆಯಲ್ಲಿ ಬೆಟ್ಟ-ಕೆರೆಗಳ ಚಿತ್ರ ಹಾಕಿ ‘ನಿಮ್ಮ ಕನಸಿನ ರಜೆ’ ಎಂದು ಬರೆದಿದ್ದರೆ ಇವರಲ್ಲಿ ಒಬ್ಬರೂ ಅದು ತಮ್ಮ ಆ್ಯಪ್ ಎಂದುಕೊಳ್ಳುತ್ತಿರಲಿಲ್ಲ. ನಾವು ಇಟ್ಟದ್ದು ಮೂರು ಪ್ರಶ್ನೆ: ಯಾವ ಊರು, ಎಷ್ಟು ಜನ, ಎಷ್ಟು ಹೊತ್ತಿಗೆ ತಲುಪುತ್ತೀರಿ.

2. ಜಿಲ್ಲೆಯ ಗಡಿ ಕಂದಾಯ ಇಲಾಖೆಗೆ. ಪ್ರಯಾಣಿಕರಿಗೆ ಬಸ್ಸಿನ ದಾರಿಯೇ ಗಡಿ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಕಾಗದದ ಮೇಲೆ ಗಡಿ ಬದಲಾದರೂ ಜನರ ಓಡಾಟ ಬದಲಾಗಿಲ್ಲ. ನ್ಯಾಮತಿಯವರಿಗೆ ಆಸ್ಪತ್ರೆ, ಬಟ್ಟೆ ಅಂಗಡಿ, ರೈಲು ಎಲ್ಲಕ್ಕೂ ಶಿವಮೊಗ್ಗವೇ ಹತ್ತಿರ. ಚನ್ನಗಿರಿಯವರಿಗೂ ಹೆಚ್ಚುಕಡಿಮೆ ಹಾಗೆಯೇ. ಜಗಳೂರಿನವರು ಕೆಲಸ ನೋಡಿಕೊಂಡು ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗುತ್ತಾರೆ.

ಆದ್ದರಿಂದ ‘ಜಿಲ್ಲೆ ಆರಿಸಿ’ ಎಂಬ ಪಟ್ಟಿಯನ್ನು ತೆಗೆದೇ ಹಾಕಿದೆವು. ನ್ಯಾಮತಿಯಲ್ಲಿ ರೂಮು ಸಿಗದಿದ್ದರೆ ಪಟ್ಟಿಯ ಮುಂದಿನ ಸಾಲಿನಲ್ಲಿ ಹೊನ್ನಾಳಿ, ಅದರ ಕೆಳಗೆ ಶಿವಮೊಗ್ಗ ಬರಬೇಕು. ದಾವಣಗೆರೆಯ ಹೋಟೆಲುಗಳು ಒಂದೇ ಜಿಲ್ಲೆಯವೆಂಬ ಕಾರಣಕ್ಕೆ ಮೇಲೆ ಬರಬಾರದು. ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ತೋರಿಸಿದರೂ ಸಾಲದು. ರಾತ್ರಿ ಎಂಟರ ಮೇಲೆ ಹದಿನೈದು ಕಿಲೋಮೀಟರು ಹೋಗಲು ಬಸ್ಸಿಲ್ಲದಿದ್ದರೆ ಆ ಊರು ನಲವತ್ತು ಕಿಲೋಮೀಟರಿನ ಊರಿಗಿಂತ ದೂರ. ಪ್ರತಿ ಊರಿನ ಹೆಸರಿನ ಕೆಳಗೆ ‘ಅಲ್ಲಿಗೆ ಕೊನೆಯ ಬಸ್ಸು’ ಎಂಬ ಸಾಲನ್ನು ಸೇರಿಸಿದ್ದು ಇದಕ್ಕಾಗಿ.

ಲಾಡ್ಜುಗಳವರಲ್ಲಿ ಕೆಲವರಿಗೆ ಇದು ಮೊದಲು ರುಚಿಸಲಿಲ್ಲ. ‘ನಮ್ಮ ಗಿರಾಕೀನ ಶಿವಮೊಗ್ಗಕ್ಕೆ ಕಳಿಸ್ತೀರೇನ್ರೀ?’ ಎಂದು ಕೇಳಿದವರಿದ್ದಾರೆ. ತಮ್ಮ ರೂಮುಗಳು ಖಾಲಿ ಇರುವಾಗ ಶಿವಮೊಗ್ಗದ ಹೆಸರು ಮೇಲೆ ಬರುವುದಿಲ್ಲ ಎಂದು ತೋರಿಸಿದ ಮೇಲೆ ಒಪ್ಪಿದರು. ಜಾಗವಿಲ್ಲದ ಊರಿನಲ್ಲಿ ಪ್ರಯಾಣಿಕರನ್ನು ಸುಮ್ಮನೆ ಅಲೆಸುವ ಆ್ಯಪನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ.

3. ಲಾಡ್ಜು ಒಂದೇ ತಂಗುದಾಣವಲ್ಲ, ಎಲ್ಲಕ್ಕೂ ಒಂದೇ ಬಟನ್ ಸಲ್ಲದು

ಸಂತೇಬೆನ್ನೂರಿನ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಕಟ್ಟಿಸಿದವನು ಕೆಂಗ ಹನುಮಪ್ಪ ನಾಯಕ. ಅದರ ಎದುರಿಗಿರುವ ಕಟ್ಟಡದ ಹೆಸರೇ ಮುಸಾಫಿರ್ ಖಾನಾ, ದಾರಿಹೋಕರ ತಂಗುಮನೆ. ಈ ಸೀಮೆಯಲ್ಲಿ ಪಯಣಿಗರಿಗೆ ಜಾಗ ಕೊಡುವ ಪದ್ಧತಿ ಲಾಡ್ಜುಗಳಿಗಿಂತ ಎಷ್ಟೋ ಹಳೆಯದು, ಇಂದಿಗೂ ಅದು ಹಲವು ರೂಪದಲ್ಲಿದೆ. ಮಠದ ಕೋಣೆಗಳು, ದೇವಸ್ಥಾನದ ಯಾತ್ರಿ ನಿವಾಸ, ಸಮುದಾಯ ಭವನ, ಕಲ್ಯಾಣ ಮಂಟಪ, ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ, ಅಂದರೆ ಊರವರ ಬಾಯಲ್ಲಿ ಐಬಿ. ಲಾಡ್ಜುಗಳನ್ನಷ್ಟೇ ಪಟ್ಟಿ ಮಾಡಿದ್ದರೆ ಆ್ಯಪಿನ ಅರ್ಧ ಹಾಳೆ ಖಾಲಿ ಇರುತ್ತಿತ್ತು.

ಒಂದೊಂದರ ನಿಯಮವೂ ಬೇರೆ. ಐಬಿಯಲ್ಲಿ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ ಆದ್ಯತೆ. ಕೊಟ್ಟ ರೂಮನ್ನೂ ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಡಬೇಕಾಗಬಹುದು. ಮಠದಲ್ಲಿ ಕೋಣೆಗೆ ದರ ಕೇಳುವುದೇ ಅನುಚಿತ. ಕಾಣಿಕೆ ಅವರವರ ಭಕ್ತಿಗೆ ಬಿಟ್ಟದ್ದು. ಊಟದ ಹೊತ್ತು, ಬಾಗಿಲು ಹಾಕುವ ಹೊತ್ತು ಮಾತ್ರ ಕಟ್ಟುನಿಟ್ಟು. ಕಲ್ಯಾಣ ಮಂಟಪದವರು ಒಬ್ಬಿಬ್ಬರಿಗೆ ಕೊಡುವುದಿಲ್ಲ, ಐವತ್ತು ಜನರ ಗುಂಪಿಗೆ ಹಾಲ್ ಬಿಟ್ಟುಕೊಡುತ್ತಾರೆ.

ಹಾಗಾಗಿ ಪ್ರತಿ ವರ್ಗಕ್ಕೂ ಬೇರೆ ಬಟನ್ ಇಟ್ಟೆವು. ಲಾಡ್ಜಿಗೆ ‘ಫೋನ್ ಮಾಡಿ’, ಮಠಕ್ಕೆ ‘ಕಚೇರಿಯಲ್ಲಿ ವಿಚಾರಿಸಿ’, ಐಬಿಗೆ ‘ಅನುಮತಿ ಪಡೆಯುವ ವಿಧಾನ’. ಮಠದ ಪುಟದಲ್ಲಿ ದರದ ಜಾಗವನ್ನು ಸೊನ್ನೆ ಎಂದು ತೋರಿಸದೆ ಪೂರ್ತಿ ತೆಗೆದೆವು. ‘₹0’ ಎಂದು ಕಂಡರೆ ಅಗ್ಗದ ಲಾಡ್ಜು ಹುಡುಕುವವರೆಲ್ಲ ಅಲ್ಲಿಗೇ ನುಗ್ಗುತ್ತಾರೆ. ಮಠದವರು ಮರುದಿನವೇ ತಮ್ಮ ಹೆಸರು ತೆಗೆಯಿರಿ ಎನ್ನುತ್ತಾರೆ. ದರದ ಪ್ರಕಾರ ಜೋಡಿಸುವ ಸೌಲಭ್ಯವೂ ಲಾಡ್ಜುಗಳಿಗಷ್ಟೇ ಅನ್ವಯಿಸುತ್ತದೆ.

4. ರೂಮು ಖಾಲಿ ಇದೆಯೆಂಬ ಸುದ್ದಿಗೆ ಹೊತ್ತು ನಮೂದಿಸಿ

ಇಡೀ ಆ್ಯಪಿನ ಬೆನ್ನೆಲುಬು ಇದು. ದೊಡ್ಡ ಕಂಪನಿಗಳು ಹೋಟೆಲಿನವರಿಗೆ ಕ್ಯಾಲೆಂಡರ್ ತುಂಬುವ ಸಾಫ್ಟ್‌ವೇರ್ ಕೊಡುತ್ತವೆ. ಹನ್ನೆರಡು ರೂಮಿನ ಲಾಡ್ಜಿನಲ್ಲಿ ಗಲ್ಲಾ ಮೇಲೆ ಕುಳಿತವರೇ ಮ್ಯಾನೇಜರ್, ಅವರೇ ಬೀಗದ ಕೈ ಕೊಡುವವರು, ಬಿಸಿನೀರಿಗೆ ಗೀಸರ್ ಹಾಕುವವರೂ ಅವರೇ. ಎದುರಿಗೆ ಉದ್ದನೆಯ ರಿಜಿಸ್ಟರ್ ಇದೆ, ಹಿಂದಿನ ಹಲಗೆಯಲ್ಲಿ ಕೀಲಿಗಳು ತೂಗುತ್ತಿವೆ. ಹಲಗೆ ನೋಡಿದರೆ ಎಷ್ಟು ರೂಮು ಖಾಲಿ ಎಂದು ತಿಳಿಯುತ್ತದೆ. ಇವರಿಗೆ ಎರಡನೇ ರಿಜಿಸ್ಟರ್ ಒಂದನ್ನು ಮೊಬೈಲಿನಲ್ಲಿ ಕೊಟ್ಟರೆ ಮೊದಲ ವಾರ ತುಂಬುತ್ತಾರೆ, ಎರಡನೇ ವಾರ ಬಿಡುತ್ತಾರೆ.

ನಾವು ಅವರಿಂದ ಕೇಳಿದ್ದು ದಿನಕ್ಕೆ ಎರಡು ಸಲ ಒಂದೇ ಉತ್ತರ: ‘ಇದೆ’, ‘ಒಂದೆರಡಿದೆ’, ‘ತುಂಬಿದೆ’. ಮಧ್ಯಾಹ್ನ ನಾಲ್ಕಕ್ಕೂ ರಾತ್ರಿ ಎಂಟಕ್ಕೂ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಅದರಲ್ಲೇ ಮೂರು ಗುಂಡಿ. ಬೇರೆ ಆ್ಯಪ್ ಹಾಕಿಕೊಳ್ಳುವ, ಪಾಸ್‌ವರ್ಡ್ ನೆನಪಿಡುವ ಗೋಜಿಲ್ಲ. ಸಂಖ್ಯೆಯನ್ನು ಬೇಕೆಂದೇ ಕೇಳಲಿಲ್ಲ. ‘ಮೂರು ರೂಮು’ ಎಂದು ತೋರಿಸಿದರೆ ಅದು ಐದು ನಿಮಿಷದಲ್ಲಿ ಸುಳ್ಳಾಗಬಹುದು. ‘ಒಂದೆರಡಿದೆ’ ಎಂಬುದು ಇನ್ನಷ್ಟು ಹೊತ್ತು ನಿಜವಾಗಿರುತ್ತದೆ.

ಬಳಕೆದಾರರ ಪರದೆಯಲ್ಲಿ ಆ ಉತ್ತರದ ಜತೆ ಅದು ಬಂದ ಹೊತ್ತೂ ಕಾಣುತ್ತದೆ: ‘ಒಂದೆರಡಿದೆ, ಸಂಜೆ 4:10ಕ್ಕೆ ಹೇಳಿದ್ದು.’ ಹೊತ್ತು ಕಳೆದಂತೆ ಹಸಿರು ಮಸುಕಾಗುತ್ತದೆ. ಆರು ಗಂಟೆ ಮೀರಿದರೆ ‘ಗೊತ್ತಿಲ್ಲ, ಫೋನ್ ಮಾಡಿ ಕೇಳಿ’ ಎಂದು ಬದಲಾಗುತ್ತದೆ. ‘ಗೊತ್ತಿಲ್ಲ’ ಎಂಬ ಮಾತನ್ನು ಆ್ಯಪಿನ ಬಾಯಲ್ಲಿ ಹೇಳಿಸಲು ಹೂಡಿಕೆದಾರರು ಒಪ್ಪುವುದು ಕಷ್ಟ. ಜನ ಮಾತ್ರ ಅದನ್ನು ಬೇಗ ಒಪ್ಪುತ್ತಾರೆ. ಮಕ್ಕಳು ಮರಿ ಕಟ್ಟಿಕೊಂಡು ಮೂರನೇ ಮಹಡಿ ಹತ್ತಿ ‘ಇಲ್ಲ’ ಎನ್ನಿಸಿಕೊಳ್ಳುವುದಕ್ಕಿಂತ ಒಂದು ಫೋನ್ ಕರೆ ಸಲೀಸು.

5. ‘24 ಗಂಟೆ’ ಲೆಕ್ಕವನ್ನು ಮುರಿಯಬೇಡಿ

ನಗರದ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ರೊಳಗೆ ರೂಮು ಬಿಡಬೇಕು. ನಮ್ಮ ಕಡೆಯ ಬಹಳಷ್ಟು ಲಾಡ್ಜುಗಳಲ್ಲಿ ರೂಮು ಹಿಡಿದ ಹೊತ್ತಿನಿಂದ 24 ಗಂಟೆಯ ಲೆಕ್ಕ. ರಾತ್ರಿ ಹನ್ನೊಂದಕ್ಕೆ ಬಂದವರು ಮರುದಿನ ರಾತ್ರಿ ಹನ್ನೊಂದರವರೆಗೆ ಇರಬಹುದು. ಸಿದ್ಧ ಸಾಫ್ಟ್‌ವೇರುಗಳು ಒಂದು ದಿನಾಂಕ, ಒಂದು ರಾತ್ರಿ ಎಂದೇ ಎಣಿಸುವುದರಿಂದ ಅವುಗಳಲ್ಲಿ ಈ ಲೆಕ್ಕ ಕೂರುವುದೇ ಇಲ್ಲ. ಡೇಟಾಬೇಸಿನಲ್ಲೇ ಪ್ರತಿ ಲಾಡ್ಜಿಗೂ ‘24 ಗಂಟೆ’ ಅಥವಾ ‘ನಿಗದಿತ ಹೊತ್ತು’ ಎಂಬ ಗುರುತು ಮೊದಲ ದಿನದಿಂದ ಇರಬೇಕು. ಆಮೇಲೆ ತುರುಕಲು ಹೋದರೆ ದರ, ಹುಡುಕಾಟ, ಪಟ್ಟಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಸೌಲಭ್ಯಗಳ ಪಟ್ಟಿಗೂ ಇದೇ ಮಾತು. ಈಜುಕೊಳ, ಜಿಮ್, ಮಿನಿ ಬಾರ್ ಎಂಬ ಚಿಹ್ನೆಗಳನ್ನು ಕಿತ್ತು ಜನ ನಿಜವಾಗಿ ಕೇಳುವುದನ್ನು ಹಾಕಿದೆವು: ಬಿಸಿನೀರು ಎಷ್ಟರಿಂದ ಎಷ್ಟರವರೆಗೆ, ನೆಲಮಹಡಿಯಲ್ಲಿ ರೂಮಿದೆಯೇ, ಕೂರುವ ಕಮೋಡೋ ಕುಕ್ಕರಗಾಲಿನದೋ, ಕರೆಂಟು ಹೋದರೆ ಫ್ಯಾನಿಗೆ ಯುಪಿಎಸ್ ಇದೆಯೇ, ಲಾರಿ ಅಥವಾ ಟೆಂಪೊ ಟ್ರಾವೆಲರ್ ನಿಲ್ಲಿಸಬಹುದೇ, ಹತ್ತಿರ ಸಸ್ಯಾಹಾರಿ ಖಾನಾವಳಿ ಇದೆಯೇ, ಎಕ್ಸ್‌ಟ್ರಾ ಹಾಸಿಗೆಗೆ ಎಷ್ಟು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ದೇವಸ್ಥಾನಗಳಿಗೆ ಹೋಗುವ ಹೆಂಗಸರ ಗುಂಪುಗಳು ಹೆಚ್ಚಾದವು. ಅವರು ಕೇಳುವ ಪ್ರಶ್ನೆಗಳು ಇನ್ನೂ ಸ್ಪಷ್ಟ: ಒಳಚಿಲಕ ಗಟ್ಟಿ ಇದೆಯೇ, ಕೆಳಗೆ ಬಾರ್ ಇದೆಯೇ, ಐದು ಜನಕ್ಕೆ ಒಂದೇ ರೂಮು ಕೊಡುತ್ತಾರೆಯೇ. ‘ಕೆಳಗೆ ಬಾರ್ ಇದೆ’ ಎಂಬ ಸಾಲಿಗೆ ಕೆಲವು ಮಾಲೀಕರು ಮುಖ ಗಂಟಿಕ್ಕಿದರು. ಆದರೂ ತೆಗೆಯಲಿಲ್ಲ.

6. ಹುಡುಕುವ ಪೆಟ್ಟಿಗೆ ಎಲ್ಲ ಕಾಗುಣಿತವನ್ನೂ ಸಹಿಸಬೇಕು

ಚನ್ನಗಿರಿ ಎಂದು ಬರೆಯುವವರಿದ್ದಾರೆ, ಚೆನ್ನಗಿರಿ ಎಂದು ಬರೆಯುವವರೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ನ್ಯಾಮತಿಗೂ ಜಗಳೂರಿಗೂ ಹಲವು ಬರಹಗಳು ಚಾಲ್ತಿಯಲ್ಲಿವೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು, ಶಿವಮೊಗ್ಗ ಅವುಗಳಲ್ಲೊಂದು. ಹಳೆಯದನ್ನೇ ಟೈಪು ಮಾಡುವವರು ಇಂದಿಗೂ ಬಹಳ. ಪ್ರತಿ ಊರಿಗೂ ಬಳಕೆಯಲ್ಲಿರುವ ಎಲ್ಲ ಹೆಸರುಗಳ ಪಟ್ಟಿ ಮಾಡಿ ಒಂದೇ ಜಾಗಕ್ಕೆ ಜೋಡಿಸಿದರೆ ಈ ಭಾಗ ಮುಗಿಯುತ್ತದೆ.

ಕಣ್ಣಿಗೆ ಕಾಣದ ತೊಡಕು ಇನ್ನೊಂದಿದೆ. ಯೂನಿಕೋಡ್ ಕನ್ನಡದಲ್ಲಿ ‘ಕೋ’ ಎಂಬ ಒಂದೇ ಅಕ್ಷರವನ್ನು ಒಂದೇ ಸಂಕೇತದ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಪ್ಯಾಲೇಸ್‌’ನಂಥ ಹೆಸರಿನಲ್ಲಿ ಅರ್ಧಾಕ್ಷರ ನಿಲ್ಲಿಸಲು ಬಳಸುವ ಅದೃಶ್ಯ ಚಿಹ್ನೆ ಒಬ್ಬರ ಕೀಬೋರ್ಡಿನಿಂದ ಬಂದಿರುತ್ತದೆ, ಇನ್ನೊಬ್ಬರದರಿಂದ ಬಂದಿರುವುದಿಲ್ಲ. ಹುಡುಕುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು, ಅದೃಶ್ಯ ಚಿಹ್ನೆಗಳನ್ನು ಬದಿಗಿಡಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಟ್ಟಿಗಳನ್ನು ಕಚೇರಿಗಳಿಂದ ಪಡೆದರೆ, ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಒಂದೊಂದೇ ಹೆಸರನ್ನು ಕಣ್ಣಾರೆ ಓದಿ ತಿದ್ದಬೇಕು. ಇದಕ್ಕೆ ಅಡ್ಡದಾರಿಯಿಲ್ಲ.

7. ಒತ್ತಕ್ಷರಕ್ಕೆ ಜಾಗ ಬಿಡಿ

ಇಂಗ್ಲಿಷಿಗೆಂದು ಅಳೆದ ಬಟನ್ನಿನಲ್ಲಿ ಕನ್ನಡ ಹಾಕಿದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ‘ಹೊನ್ನಾಳಿ’ಯ ನ ಒತ್ತು ಕಾಣದಿದ್ದರೆ ಓದುಗರು ಹೇಗೋ ಊಹಿಸಿಯಾರು, ಆದರೆ ಮಠ, ಮಂದಿರ, ಮನೆತನದ ಹೆಸರಿನ ಒತ್ತು ಹೋದರೆ ಅದರ ಯಜಮಾನರು ಫೋನ್ ಮಾಡುತ್ತಾರೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ. ಉದ್ದ ಹೆಸರನ್ನು ಮೂರು ಚುಕ್ಕೆ ಹಾಕಿ ಕತ್ತರಿಸುವ ಬದಲು ಎರಡನೇ ಸಾಲಿಗೆ ಇಳಿಸಿ. ಬಟನ್ನಿನ ಮಾತುಗಳನ್ನು ಲಾಡ್ಜಿನ ಗಲ್ಲಾದಲ್ಲಿ ಆಡುವಂತೆಯೇ ಇಡಿ: ‘ರೂಮು’, ‘ಅಡ್ವಾನ್ಸ್’, ‘ರೂಮು ಬಿಡುವ ಹೊತ್ತು’. ಪರೀಕ್ಷೆಯನ್ನು ದುಬಾರಿ ಫೋನಿನಲ್ಲಿ ಮಾಡಬೇಡಿ. ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ, ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡ ಹಿರಿಯರ ಕೈಯಲ್ಲಿ ಮಾಡಿ.

8. ಫೋಟೊದಲ್ಲಿ ಬಚ್ಚಲು ತೋರಿಸಿ. ವಿಳಾಸದಲ್ಲಿ ಗುರುತು ಹೇಳಿ

2008ರಲ್ಲಿ ಶುರುವಾದ ಏರ್‌ಬಿಎನ್‌ಬಿಯ ಸ್ಥಾಪಕರು ಮರುವರ್ಷ ನ್ಯೂಯಾರ್ಕಿಗೆ ಹೋಗಿ ಮನೆಗಳ ಫೋಟೊಗಳನ್ನು ತಾವೇ ತೆಗೆದ ಮೇಲೆ ವ್ಯವಹಾರ ಕುದುರಿತು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಕಥೆ. ಅಲ್ಲಿ ಚೆಂದದ ಫೋಟೊ ಕೆಲಸ ಮಾಡಿತು. ಇಲ್ಲಿ ಕೆಲಸ ಮಾಡುವುದು ನಿಜದ ಫೋಟೊ. ಪ್ರತಿ ಲಾಡ್ಜಿಗೂ ನಾಲ್ಕೇ ಚಿತ್ರ: ರಸ್ತೆಯಿಂದ ಕಾಣುವ ಬೋರ್ಡು, ರೂಮು, ಬಚ್ಚಲು, ಮೆಟ್ಟಿಲು. ಬೋರ್ಡಿನ ಚಿತ್ರವನ್ನು ರಾತ್ರಿಯೂ ತೆಗೆಯಬೇಕು, ಏಕೆಂದರೆ ಹುಡುಕುವವರು ಬರುವುದು ಕತ್ತಲಾದ ಮೇಲೆ. ಬಚ್ಚಲಿನ ಚಿತ್ರ ಕೊಡಲು ಹಿಂಜರಿಯುವ ಮಾಲೀಕರು ಚಿತ್ರ ತೆಗೆಯುವ ಮುನ್ನ ಒಮ್ಮೆ ಅದನ್ನು ತೊಳೆಸುತ್ತಾರೆ. ಅದೂ ಒಂದು ಲಾಭವೇ.

ವಿಳಾಸದ ಸಾಲಿನಲ್ಲಿ ಅಡ್ಡರಸ್ತೆ, ಪಿನ್ ಕೋಡ್ ಬರೆದರೆ ಇಲ್ಲಿ ಯಾರಿಗೂ ದಾರಿ ತಿಳಿಯದು. ‘ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡ್ ಎದುರು, ಮೆಡಿಕಲ್ ಶಾಪ್ ಮೇಲೆ, ಮೆಟ್ಟಿಲು ಪಕ್ಕದ ಗಲ್ಲಿಯಿಂದ’ ಎಂದು ಬರೆಯಿರಿ. ಖಾಸಗಿ ಬಸ್ ನಿಲ್ದಾಣ ಬೇರೆ ಕಡೆ ಇರುವ ಊರಿನಲ್ಲಿ ಎರಡರಿಂದಲೂ ದಾರಿ ಹೇಳಿ.

ಜಗಳೂರಿನ ಕಾಡಂಚಿನಲ್ಲಿ, ತೀರ್ಥರಾಮೇಶ್ವರದ ಬೆಟ್ಟದ ಬದಿಯಲ್ಲಿ, ಚನ್ನಗಿರಿಯ ದಟ್ಟ ಅಡಿಕೆ ತೋಟಗಳ ನಡುವೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ನಾಲ್ಕೂ ತಾಲ್ಲೂಕುಗಳ ಹೆಸರು, ಫೋನ್ ನಂಬರು, ದಾರಿಯ ವಿವರ ಎಲ್ಲವನ್ನೂ ಸೇರಿಸಿದರೂ ಒಂದು ಸಾಧಾರಣ ಫೋಟೊಗಿಂತ ಕಡಿಮೆ ಜಾಗ ಸಾಕು. ಅದನ್ನು ಆ್ಯಪಿನೊಳಗೇ ಇಟ್ಟುಬಿಡಿ. ನೆಟ್ ಸಿಕ್ಕಾಗ ಹೊಸದಾಗಲಿ. ಡೇಟಾ ಇಲ್ಲದೆಡೆಯೂ ಸಾದಾ ಕರೆ ಹೋಗುವಷ್ಟು ಸಿಗ್ನಲ್ ಎಷ್ಟೋ ಸಲ ಇರುತ್ತದೆ.

9. ಜಾತ್ರೆಗೆ ಬೇರೆ ಪರದೆ ಬೇಕು

ಪ್ರತಿ ಫೆಬ್ರವರಿ ಮಧ್ಯದಲ್ಲಿ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಕರ್ನಾಟಕದ ಮೂಲೆಮೂಲೆಯಿಂದ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಜನ ಸೇರುತ್ತಾರೆ. ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಅವರಲ್ಲಿದ್ದಾರೆ. ಆ ದಿನಗಳಲ್ಲಿ ನ್ಯಾಮತಿ, ಹೊನ್ನಾಳಿಯ ಲಾಡ್ಜುಗಳ ಪಟ್ಟಿ ತೋರಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆಗ ಜನರಿಗೆ ಬೇಕಾದ ಮಾಹಿತಿಯೇ ಬೇರೆ: ವಾಹನ ಎಲ್ಲಿ ನಿಲ್ಲಿಸಬೇಕು, ಸಾಮೂಹಿಕ ವಸತಿ ಎಲ್ಲಿ, ಹೆಂಗಸರ ಸ್ನಾನಗೃಹ, ಕುಡಿಯುವ ನೀರು, ಪ್ರಸಾದದ ಹೊತ್ತು, ಆರೋಗ್ಯ ಕೇಂದ್ರ, ವಿಶೇಷ ಬಸ್ಸು. ಜಾತ್ರೆಯ ದಿನಗಳಲ್ಲಿ ಆ್ಯಪಿನ ಮೊದಲ ಪರದೆಯೇ ಬದಲಾಗಿ ಇವಿಷ್ಟನ್ನೇ ತೋರಿಸಬೇಕು, ಬಂಜಾರರ ಲಂಬಾಣಿ ಮಾತಿನ ಧ್ವನಿಯಲ್ಲೂ ಕೇಳಿಸಬೇಕು.

ದಿನಾಂಕದ ವಿಷಯದಲ್ಲಿ ಎಚ್ಚರ. ಸೇವಾಲಾಲ್ ಜಯಂತಿ ಫೆಬ್ರವರಿ 15ಕ್ಕೆ ನಿಗದಿ. ಆದರೆ ಹೊನ್ನಾಳಿಯ ರಾಘವೇಂದ್ರ ಸ್ವಾಮಿ ಮಠದಲ್ಲಿ ನಡೆಯುವ ರಾಯರ ಆರಾಧನೆ ಶ್ರಾವಣ ಬಹುಳ ಬಿದಿಗೆಯ ಆಸುಪಾಸಿನ ಮೂರು ದಿನ. ತೇರುಗಳೂ ತಿಥಿ, ನಕ್ಷತ್ರ ನೋಡಿಯೇ ನಡೆಯುತ್ತವೆ. ‘ಪ್ರತಿ ವರ್ಷ ಇದೇ ದಿನ’ ಎಂದು ಕ್ಯಾಲೆಂಡರಿಗೆ ಹಾಕಿ ಕೈತೊಳೆದುಕೊಳ್ಳಲಾಗದು. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಪಟ್ಟಿ ಮಾಡಿ, ಆಯಾ ದೇವಸ್ಥಾನದವರಿಂದ ಖಚಿತಪಡಿಸಿಕೊಳ್ಳಿ.

10. ದುಡ್ಡು ಮುಟ್ಟುವ ಮುಂಚೆ ಕಾನೂನು ಓದಿ

ಬುಕಿಂಗೂ ಹಣವೂ ಆ್ಯಪಿನಲ್ಲೇ ಆಗಲಿ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಅದರ ಬೆಲೆ ತಿಳಿದಿರಲಿ. ದಿನಕ್ಕೆ ಸಾವಿರ ರೂಪಾಯಿವರೆಗಿನ ರೂಮಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಂದು ಹೋಗಿ 12 ಪ್ರತಿಶತ ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ₹7,500ರವರೆಗಿನ ರೂಮಿಗೆ ಅದು 5 ಪ್ರತಿಶತಕ್ಕೆ ಇಳಿಯಿತು. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಲಾಡ್ಜು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ಅಂಥ ಲಾಡ್ಜಿನ ರೂಮು ಆನ್‌ಲೈನ್ ವೇದಿಕೆಯ ಮೂಲಕ ಬುಕ್ ಆದರೆ, ಜಿಎಸ್‌ಟಿ ಕಾಯ್ದೆಯ 9(5)ನೇ ಕಲಮಿನ ಪ್ರಕಾರ ತೆರಿಗೆ ಕಟ್ಟುವ ಹೊಣೆ ವೇದಿಕೆಯವರದು. ನಮ್ಮ ಪಟ್ಟಿಯ ಬಹುಪಾಲು ಲಾಡ್ಜುಗಳು ಈ ಬಗೆಯವೇ. ಆದ್ದರಿಂದ ಮಾಹಿತಿ ಕೊಟ್ಟು ಫೋನ್ ಜೋಡಿಸುವುದಕ್ಕೇ ನಿಂತೆವು. ಅಡ್ವಾನ್ಸ್ ಬೇಕೆಂದರೆ ಲಾಡ್ಜಿನವರೂ ಗಿರಾಕಿಯೂ ತಮ್ಮ ನಡುವೆಯೇ ಯುಪಿಐನಲ್ಲಿ ಮುಗಿಸಿಕೊಳ್ಳುತ್ತಾರೆ.

ಆಧಾರ್ ಪ್ರತಿಯನ್ನೂ ಮುಟ್ಟಲಿಲ್ಲ. ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುವುದು ಲಾಡ್ಜಿನವರ ಕೆಲಸ. ಅದರ ಫೋಟೊ ನಮ್ಮ ಸರ್ವರಿನಲ್ಲಿ ಕೂತರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಭಾರವೆಲ್ಲ ನಮ್ಮ ಹೆಗಲಿಗೆ. ಬಳಕೆದಾರರಿಂದ ಫೋನ್ ನಂಬರನ್ನೂ ಕೇಳದೆ ಆ್ಯಪ್ ನಡೆಯುತ್ತದೆ.

ಅಭಿಪ್ರಾಯ ಪಡೆಯುವುದರಲ್ಲೂ ಮಿತಿ ಇರಲಿ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಐದು ನಕ್ಷತ್ರದ ರೇಟಿಂಗ್ ಒಂದೋ ಮುಲಾಜಿಗೆ ಬರುತ್ತದೆ, ಇಲ್ಲವೇ ಹಗೆಗೆ. ರೂಮು ಬಿಟ್ಟವರಿಗೆ ನಾವು ಮೂರೇ ಪ್ರಶ್ನೆ ಕೇಳುತ್ತೇವೆ: ಬಿಸಿನೀರು ಬಂತೇ, ಹಾಸಿಗೆ ಬಟ್ಟೆ ಒಗೆದದ್ದೇ, ಹೇಳಿದ ದರವನ್ನೇ ತೆಗೆದುಕೊಂಡರೇ. ಹೌದು, ಇಲ್ಲ ಎಂದರೆ ಸಾಕು. ಈ ಮೂರು ಉತ್ತರಗಳಿಂದ ಲಾಡ್ಜಿನ ಯೋಗ್ಯತೆ ತಿಳಿಯುತ್ತದೆ.

ನಿಮ್ಮ ತಾಲ್ಲೂಕಿಗೂ ಇಂಥದ್ದೊಂದು ಆ್ಯಪ್ ಮಾಡುವ ಮನಸ್ಸಿದ್ದರೆ ಮೊದಲ ಗೆರೆ ಎಳೆಯುವ ಮುಂಚೆ ಮೂರು ಕೆಲಸ ಮಾಡಿ. ಊರಿನ ಎಲ್ಲ ತಂಗುದಾಣಗಳಿಗೂ ಕಾಲಿಟ್ಟು ಬನ್ನಿ, ಮಠ-ಐಬಿಗಳನ್ನೂ ಬಿಡದೆ. ಗಲ್ಲಾದಲ್ಲಿ ಕುಳಿತವರ ನಂಬರಿಗೆ ತಿಂಗಳಿಗೊಮ್ಮೆ ಕರೆ ಮಾಡಿ ದರ, ಬಿಸಿನೀರು, ನಂಬರು ಸರಿಯಿದೆಯೇ ಎಂದು ಕೇಳಲು ಊರಿನವರೇ ಆದ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ. ಸರ್ವರಿನ ಖರ್ಚಿಗಿಂತ ಮೊದಲು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಖಚಿತವಾಗಿ ಗೊತ್ತಿರುವ ಆರು ಜಾಗಗಳಷ್ಟೇ ಇದ್ದರೆ ಆರನ್ನೇ ತೋರಿಸಿ. ರಾತ್ರಿ ಹತ್ತಕ್ಕೆ ಬಸ್ಸಿಳಿದವರಿಗೆ ಅಷ್ಟು ಸಾಕು.